ಆಕ್ಸೆಸ್ ಪಾಯಿಂಟ್ ದೀಪ ಆರಿಸಲು ಟೇಪ್, ಕಂಟ್ರೋಲರ್, ಸ್ಕ್ರಿಪ್ಟ್: ಯಾವುದು ಸರಿ?

ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಲೈಟ್ ಆರಿಸಿದ ಮೇಲೆ ಉಳಿಯುವುದು ಒಂದೇ ಬೆಳಕು, ಚಾವಣಿಯಲ್ಲಿ ವೈಫೈ ಹರಡುವ ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟಿನ ನೀಲಿ ಉಂಗುರ. ಹಗಲಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಆದರೆ ಕತ್ತಲೆಗೆ ಒಗ್ಗಿದ ಕಣ್ಣಿಗೆ ಕೆಂಪಿಗಿಂತ ನೀಲಿ, ಹಸಿರು ಬೆಳಕೇ ಜಾಸ್ತಿ ಹೊಳೆದು ಕಾಣುತ್ತದೆ. ನಾನು ನೋಡಿಕೊಳ್ಳುವ ಹಾಸ್ಟೆಲ್ ನೆಟ್‌ವರ್ಕ್‌ನಲ್ಲಿ ಈ ದೂರು ಮೇಲಿಂದ ಮೇಲೆ ಬಂತು. ಬೇರೆ ಬೇರೆ ಕಾಲದಲ್ಲಿ ಕೊಂಡ ಪಾಯಿಂಟ್‌ಗಳಾದ್ದರಿಂದ ಅಲ್ಲಿ ನಾಲ್ಕು ಬಗೆ ಬೆರೆತಿವೆ. ಹಾಗಾಗಿ ಎಲ್ಲ ದಾರಿಗಳನ್ನೂ ಪರೀಕ್ಷೆ ಮಾಡಿ ನೋಡುವ ಅವಕಾಶ ಸಿಕ್ಕಿತು.

ಕರೆಂಟ್ ಉಳಿಯುತ್ತದೆ ಎಂದು ಇದಕ್ಕೆ ಕೈ ಹಾಕಬೇಡಿ. ರೇಡಿಯೋ ಎಳೆಯುವ ಕರೆಂಟಿನ ಮುಂದೆ ದೀಪದ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಇದು ಮಲಗುವವರ ನಿದ್ದೆಯ ವಿಷಯ.

ಆರಿಸುವುದು ಎಲ್ಲದರಲ್ಲೂ ಸುಲಭ. ನಾನು ನೋಡಿದ್ದು ಬೇರೆ: ಏನಾದರೂ ಕೆಟ್ಟಾಗ, ಬೇಕಾದ ಒಂದೇ ದೀಪವನ್ನು ಕೂತಲ್ಲಿಂದಲೇ ಹತ್ತಿಸಲು ಆಗುತ್ತದಾ?

ಟೇಪ್ ಈ ಪರೀಕ್ಷೆಯಲ್ಲಿ ಮೊದಲೇ ಬಿದ್ದುಹೋಯಿತು. ಒಂದು ಮಹಡಿಯ ಪಾಯಿಂಟ್‌ಗಳಿಗೆಲ್ಲ ಕಪ್ಪು ಟೇಪ್ ಅಂಟಿಸಿದೆ, ಹುಡುಗರು ಖುಷಿಯಾದರು. ಸ್ವಲ್ಪ ದಿನದಲ್ಲೇ ಆ ಮಹಡಿಯ ಒಂದು ಪಾಯಿಂಟ್ ಸತ್ತಿತು. ಯಾವುದು ಅಂತ ತಿಳಿಯಲು ಏಣಿ ಹಿಡಿದುಕೊಂಡು ಒಂದೊಂದೇ ಟೇಪ್ ಕಿತ್ತು ನೋಡಬೇಕಾಯಿತು. ಸೆಕೆಗೆ ಅಂಟು ಬೇರೆ ಕರಗಿ ಪ್ಲಾಸ್ಟಿಕ್ ಮೇಲೆ ಉಳಿದಿತ್ತು. ಒಂದೇ ಪಾಯಿಂಟ್ ಇರುವ ಮನೆಗಾದರೆ ಟೇಪ್ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಬೇಡ.

ಕಂಟ್ರೋಲರ್ (ಎಲ್ಲ ಪಾಯಿಂಟ್‌ಗಳನ್ನೂ ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ) ಇರುವ ಯುನಿಫೈ ಮತ್ತು ಒಮಾಡ ಎಂಬ ಎರಡು ಬ್ರ್ಯಾಂಡ್‌ಗಳಲ್ಲೂ ದೀಪದ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಇಡೀ ಸೈಟಿಗೆ, ಅಂದರೆ ಅಲ್ಲಿನ ಎಲ್ಲ ಪಾಯಿಂಟ್‌ಗಳಿಗೂ ಸೇರಿ, ಒಂದು ಸ್ವಿಚ್ ಇರುತ್ತದೆ. ಅದರ ಜೊತೆಗೆ ಪ್ರತಿ ಪಾಯಿಂಟಿಗೂ ಮೂರು ಆಯ್ಕೆ: ಸೈಟ್ ಹೇಳಿದ ಹಾಗೆ ನಡೆ, ಯಾವಾಗಲೂ ಆನ್, ಯಾವಾಗಲೂ ಆಫ್. ಸೈಟ್ ಸ್ವಿಚ್ ಆಫ್ ಮಾಡಿದರೆ ಇಡೀ ಕಟ್ಟಡ ಕತ್ತಲಾಗುತ್ತದೆ. ಒಂದು ಪಾಯಿಂಟನ್ನು ಹುಡುಕಬೇಕು ಅನ್ನಿ, ಅದೊಂದನ್ನೇ ಆನ್ ಮಾಡಿ, ಲೊಕೇಟ್ ಒತ್ತಿದರೆ ಮಿನುಗುತ್ತದೆ. ಕಾರಿಡಾರಿನ ಕೊನೆಯಲ್ಲಿ ನಿಂತು ಫೋನಿನಲ್ಲಿ ಒತ್ತಿ, ದೂರದಲ್ಲಿ ಆ ಬೆಳಕು ಮಿಟುಕುವುದನ್ನು ನೋಡಿದಾಗ ಏಣಿಯ ನೆನಪಾಗಿ ಎಷ್ಟು ಸಮಾಧಾನ ಆಯಿತು ಗೊತ್ತಾ?

ಇಲ್ಲಿ ನಾನೊಂದು ತಪ್ಪು ಮಾಡಿದ್ದೆ. ಹುಡುಕಿದ ಮೇಲೆ ಪಾಯಿಂಟಿನ ಆಯ್ಕೆಯನ್ನು ಮತ್ತೆ 'ಸೈಟ್ ಹೇಳಿದ ಹಾಗೆ' ಎಂಬಲ್ಲಿಗೆ ತರಲು ಮರೆತೆ. ಆಮೇಲೆ ಸೈಟ್ ಸ್ವಿಚ್ ಎಷ್ಟು ಸಲ ಒತ್ತಿದರೂ ಅದು ಆರಲೇ ಇಲ್ಲ. ಪಾಯಿಂಟಿನ ಸ್ವಂತ ಆಯ್ಕೆಯೇ ಮೇಲುಗೈ, ಅದು ಹಾಗೇ ಇರಬೇಕಾದ್ದೂ ಹೌದು. ಈಗ ಹುಡುಕುವ ಕೆಲಸ ಮುಗಿದ ಕೂಡಲೇ ವಾಪಸ್ ಹಾಕುತ್ತೇನೆ.

ಯುನಿಫೈಯಲ್ಲಿ ಇನ್ನೊಂದು ಅನುಕೂಲ ತಾನಾಗಿಯೇ ಸಿಕ್ಕಿತು. ನೆಟ್‌ವರ್ಕಿಗೆ ಸೇರಿ ಕೆಲಸ ಮಾಡುತ್ತಿರುವ ಪಾಯಿಂಟ್ ನೀಲಿ, ಇನ್ನೂ ಸೇರದೆ ಕಾಯುತ್ತಿರುವುದು ಬಿಳಿ. ಪೂರ್ತಿ ರೀಸೆಟ್ ಆದ ಪಾಯಿಂಟ್ ನಮ್ಮ ಸೆಟ್ಟಿಂಗ್ ಎಲ್ಲ ಮರೆತಿರುತ್ತದೆ, ದೀಪ ಆಫ್ ಎಂಬುದನ್ನೂ. ಹಾಗಾಗಿ ಕತ್ತಲ ಕಾರಿಡಾರಿನಲ್ಲಿ ಒಂದು ಬಿಳಿ ಉಂಗುರ ಕಂಡರೆ, ಯಾರೋ ರೀಸೆಟ್ ಬಟನ್ ಒತ್ತಿದ್ದಾರೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ದೀಪಗಳೆಲ್ಲ ಹತ್ತಿದ್ದಾಗ ಇದು ಇಷ್ಟು ಎದ್ದು ಕಾಣುತ್ತಿರಲಿಲ್ಲ.

ಮೈಕ್ರೋಟಿಕ್ ಬೇರೆ ಜಾತಿ. ಅದರ ಸಾಫ್ಟ್‌ವೇರ್ ರೌಟರ್‌ಓಎಸ್‌ನ ಲೆಡ್ (ದೀಪದ) ಸೆಟ್ಟಿಂಗ್‌ನಲ್ಲಿ ಎಲ್ಲ ದೀಪ ಆರಿಸುವ ಒಂದೇ ಸಾಲು ಇದೆ: ಎಂದೂ ಬೇಡ, ಈಗಲೇ, 1 ನಿಮಿಷದ ನಂತರ, 1 ಗಂಟೆಯ ನಂತರ. ಈ ಕೊನೆಯದು ನನಗೆ ತುಂಬಾ ಇಷ್ಟ. ಪಾಯಿಂಟ್ ಶುರುವಾದ ಮೇಲೆ ಒಂದು ಗಂಟೆ ದೀಪ ಇರುತ್ತದೆ, ಕೂರಿಸುವಾಗ ಬೇಕಾದಷ್ಟು ನೋಡಿಕೊಳ್ಳಬಹುದು, ಆಮೇಲೆ ತಾನೇ ಆರುತ್ತದೆ. ಆದರೆ ಮೈಕ್ರೋಟಿಕ್‌ನ ಕಂಟ್ರೋಲರ್ ಆದ ಕ್ಯಾಪ್ಸ್‌ಮ್ಯಾನ್ ವೈಫೈ ಸೆಟ್ಟಿಂಗನ್ನು ಮಾತ್ರ ಹಂಚುತ್ತದೆ, ದೀಪದ ವಿಷಯ ಅದರ ಕೈಯಲ್ಲಿಲ್ಲ. ಪ್ರತಿ ಪಾಯಿಂಟಿಗೂ ಎಸ್‌ಎಸ್‌ಎಚ್ (ದೂರದಿಂದಲೇ ಲಾಗಿನ್ ಆಗುವ ದಾರಿ) ಮೂಲಕ ಹೋಗಿ ಆ ಸಾಲು ಬರೆಯುವ ಸ್ಕ್ರಿಪ್ಟ್ ಮಾಡಿಕೊಂಡೆ. ಎಲ್ಲ ಮಾಡೆಲ್‌ನಲ್ಲೂ ಎಲ್ಲ ದೀಪವೂ ಆರುವುದಿಲ್ಲ, ಕೊಳ್ಳುವ ಮೊದಲು ಒಂದನ್ನು ಕತ್ತಲೆಯಲ್ಲಿಟ್ಟು ನೋಡಿ.

ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ಸಾಫ್ಟ್‌ವೇರ್ ಹಾಕಿದ ಹಳೆಯ ಪಾಯಿಂಟ್‌ಗಳ ಜೊತೆ ನಾನು ಕಳೆದಷ್ಟು ಹೊತ್ತು ಬೇರೆ ಯಾವುದರ ಜೊತೆಯೂ ಕಳೆಯಲಿಲ್ಲ. ಅಲ್ಲಿ ಪ್ರತಿ ದೀಪವೂ ಒಂದು ಫೋಲ್ಡರ್. ಒಳಗೆ ಬ್ರೈಟ್‌ನೆಸ್ ಎಂಬ ಫೈಲಿಗೆ 0 ಬರೆದರೆ ಆರುತ್ತದೆ. ರಾತ್ರಿ 10ಕ್ಕೆ 0, ಬೆಳಗ್ಗೆ 6ಕ್ಕೆ 255 ಬರೆಯುವಂತೆ, ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಹಾಕಿದೆ. ಬೆಳಗ್ಗೆ ದೀಪ ಹತ್ತಿತು, ಆದರೆ ಕಲ್ಲಿನ ಹಾಗೆ ನಿಂತಿತ್ತು. ಟ್ರಾಫಿಕ್ ಓಡಿದರೂ ಮಿನುಗಲಿಲ್ಲ. ಕಾರಣ ಸುಮ್ನೆ ಹೊಳೆಯುವಂಥದ್ದಲ್ಲ: 0 ಬರೆದಾಗ ಲಿನಕ್ಸ್ ಆ ದೀಪದ ಟ್ರಿಗರನ್ನೂ (ಯಾವಾಗ ಮಿನುಗಬೇಕೆಂದು ಹೇಳುವ ಸೆಟ್ಟಿಂಗ್) ತೆಗೆದುಹಾಕುತ್ತದೆ. 255 ಬರೆದರೆ ಬೆಳಕು ಬರುತ್ತದೆ, ಟ್ರಿಗರ್ ಬರುವುದಿಲ್ಲ. ಈಗ ಬೆಳಗ್ಗೆ 255 ಬರೆಯುವ ಬದಲು ಲೆಡ್ ಸರ್ವಿಸನ್ನೇ ರೀಸ್ಟಾರ್ಟ್ ಮಾಡುತ್ತೇನೆ. ಸಿಸ್ಟಮ್ ಕಾನ್ಫಿಗ್‌ನಲ್ಲಿ ಬರೆದಿಟ್ಟ ದೀಪಗಳೆಲ್ಲ ತಮ್ಮ ಟ್ರಿಗರ್ ಸಮೇತ ಎದ್ದು ಬರುತ್ತವೆ. ಟೈಮ್‌ಜೋನ್ ಮೊದಲೇ ಹಾಕಿಕೊಳ್ಳಿ, ಬಾಕ್ಸ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲೇ ಇದ್ದರೆ ನಿಮ್ಮ ರಾತ್ರಿ 10 ಅದಕ್ಕೆ ಬೇರೆ ಹೊತ್ತು.

ಇಷ್ಟೆಲ್ಲ ಒದ್ದಾಡಿಸಿದರೂ ಗಡಿಯಾರ ನೋಡಿ ಆರುವ, ಒಂದೊಂದು ದೀಪಕ್ಕೂ ಬೇರೆ ಬೇರೆ ಮಾತು ಹೇಳುವ ಸ್ವಾತಂತ್ರ್ಯ ನನಗೆ ಅಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗಲಿಲ್ಲ. ಒಂದೋ ಎರಡೋ ಪಾಯಿಂಟ್ ಇದ್ದು, ಟರ್ಮಿನಲ್ ಅಭ್ಯಾಸ ಇದ್ದವರಿಗೆ ಅದನ್ನೇ ಹೇಳುತ್ತೇನೆ. ಪಾಯಿಂಟ್‌ಗಳು ಹತ್ತು ದಾಟಿದರೆ, ಅಥವಾ ನಾಳೆ ಬೇರೆಯವರು ನೋಡಿಕೊಳ್ಳಬೇಕಾದ ನೆಟ್‌ವರ್ಕ್ ಆದರೆ, ಕಂಟ್ರೋಲರ್ ಇರುವುದೇ ಸರಿ. ನನ್ನ ಸ್ಕ್ರಿಪ್ಟ್ ಹುಡುಕಿ ಓದುವುದಕ್ಕಿಂತ ಒಂದು ಸ್ವಿಚ್ ಒತ್ತುವುದು ಅವರಿಗೆ ಸುಲಭ ಅಲ್ವಾ?

ಈಗ ಮಲಗುವ ಕೋಣೆಗಳಲ್ಲಿ ಎಲ್ಲವೂ ಆಫ್. ಮೆಟ್ಟಿಲ ಹತ್ತಿರದ ಪಾಯಿಂಟ್‌ಗಳನ್ನು ಮಾತ್ರ ಬೇಕೆಂದೇ ಆನ್ ಇಟ್ಟಿದ್ದೇನೆ. ಅಲ್ಲಿ ಯಾರೂ ಮಲಗುವುದಿಲ್ಲ, ಮಹಡಿ ಹತ್ತುವಾಗ ತಲೆ ಎತ್ತಿದರೆ ಆ ಮಹಡಿಗೆ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಬರುವ ಕರೆಂಟ್) ಬರುತ್ತಿದೆಯೋ ಇಲ್ಲವೋ ನನಗೆ ಕಾಣುತ್ತದೆ.