ಹಳ್ಳಿಯ ಹರೆಯದವರಿಗೆ ಹಳ್ಳಿಯಲ್ಲೇ ಪ್ರೌಢಶಾಲೆ: ‘ಸಾತ್’ ಕಾರ್ಯಕ್ರಮ ಕೊಡುವುದೇನು, ಬಿಡುವುದೇನು?

ಗ್ರಾಮೀಣ ಹದಿಹರೆಯದವರಿಗೆ ಶಿಕ್ಷಣ ಕೊಟ್ಟು ಸಮಾಜವನ್ನು ಬದಲಿಸುತ್ತೇವೆ ಎನ್ನುವ ಕಾರ್ಯಕ್ರಮಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹಲವು ಪಟ್ಟಣದ ಪಠ್ಯವನ್ನೇ ಒಂದಿಷ್ಟು ಸರಳಗೊಳಿಸಿ ಹಳ್ಳಿಗೆ ತಲುಪಿಸುತ್ತವೆ, ಕಲಿತವರು ಊರು ಬಿಟ್ಟು ಹೋದರೆ ಅದನ್ನೇ ಯಶಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಹುಟ್ಟಿ ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ ಚೆನ್ನಾಗಿ ಬೇರೂರಿದ ‘ಸಿಸ್ಟೆಮಾ ದೆ ಅಪ್ರೆಂದಿಸಾಹೆ ತುತೋರಿಯಲ್’ (ಟ್ಯೂಟರ್ ನೆರವಿನ ಕಲಿಕಾ ವ್ಯವಸ್ಥೆ), ಚಿಕ್ಕದಾಗಿ ‘ಸಾತ್’ (SAT), ಈ ಜಾಡಿನದಲ್ಲ. (ಇದೇ ಅಕ್ಷರಗಳ ಹೆಸರಿರುವ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಗೂ ಇದಕ್ಕೂ ಯಾವ ನಂಟೂ ಇಲ್ಲ.) ಒಂದು ಶಿಕ್ಷಣ ಸೇವೆಯಾಗಿ ಅದು ಏನು ಕೊಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಪ್ರಕಟವಾಗಿರುವ ಪಠ್ಯಗಳು ಮತ್ತು ಅಧ್ಯಯನಗಳ ಆಧಾರದ ಮೇಲೆ ಇಲ್ಲಿ ಪರಿಶೀಲಿಸಿದ್ದೇನೆ.

ಇದರ ಬೇರು ಇರುವುದು 1974ರಲ್ಲಿ ಕೊಲಂಬಿಯಾದ ಕಾಲಿ ನಗರದ ವಿಶ್ವವಿದ್ಯಾಲಯದ ಒಡನಾಟದಲ್ಲಿದ್ದ ಕೆಲವರು ಕಟ್ಟಿದ ‘ಫುಂಡಾಯೆಕ್’ ಎಂಬ ಸಂಸ್ಥೆಯಲ್ಲಿ. ಕಾಲಿಯ ದಕ್ಷಿಣಕ್ಕಿರುವ ಉತ್ತರ ಕೌಕಾ ಪ್ರದೇಶದಲ್ಲಿ ಆಗ ಕಬ್ಬಿನ ದೊಡ್ಡ ತೋಟಗಳು ಸಣ್ಣ ರೈತರ ಮಿಶ್ರ ಬೆಳೆಯ ಹಿಡುವಳಿಗಳನ್ನು ನುಂಗುತ್ತಿದ್ದವು. ಜಮೀನು ಕಳೆದುಕೊಂಡವರಿಗೆ ಕೂಲಿ ಅಥವಾ ನಗರ, ಇವೆರಡೇ ದಾರಿ. ಇಂಥಲ್ಲಿ ಸಂಸ್ಥೆ ಮೊದಲು ‘ಗ್ರಾಮೀಣ ಯೋಗಕ್ಷೇಮದ ಎಂಜಿನಿಯರು’ಗಳನ್ನು ತಯಾರು ಮಾಡಲು ಹೊರಟಿತು. ಅವರ ಜೊತೆ ಊರೂರಿನಲ್ಲಿ ದುಡಿಯಬಲ್ಲ ಕಿರಿಯರೂ ಬೇಕಾದಾಗ ಪ್ರೌಢಶಾಲೆಯ ಹಂತದ ಪಠ್ಯಕ್ರಮ ರೂಪುಗೊಂಡಿತು. ರೈತರ ಹೊಲದಲ್ಲಿ, ರೈತರ ಜೊತೆಯಲ್ಲೇ ನಡೆಸಿದ ಪ್ರಯೋಗಗಳ ಫಲ ಆ ಪಠ್ಯಗಳೊಳಗೆ ಸೇರಿತು. ಉಳಿದ ಕಾರ್ಯಕ್ರಮಗಳಿಂದ ಸಾತ್ ಬೇರೆಯಾಗುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ವ್ಯವಸ್ಥೆ ಸರಳವಾಗಿದೆ. ಪ್ರಾಥಮಿಕ ಶಾಲೆ ಮುಗಿದ ಮೇಲೆ ಮುಂದೆ ಓದಲು ಶಾಲೆಯೇ ಇಲ್ಲದ ಊರಿನಲ್ಲಿ ಹತ್ತಿಪ್ಪತ್ತು ಮಂದಿ ಹರೆಯದವರ ಒಂದು ಗುಂಪು ಸೇರುತ್ತದೆ. ಅವರಿಗೆ ಒಬ್ಬ ಟ್ಯೂಟರ್ ಇರುತ್ತಾರೆ, ಸಾಮಾನ್ಯವಾಗಿ ಅದೇ ಸೀಮೆಯವರು. ಎಲ್ಲ ವಿಷಯಗಳನ್ನೂ ಆ ಒಬ್ಬರೇ ನಡೆಸಿಕೊಡುತ್ತಾರೆ. ವೇಳಾಪಟ್ಟಿಯನ್ನು ಊರಿನ ದುಡಿಮೆಗೆ ಹೊಂದಿಸಿಕೊಳ್ಳಬಹುದು. ಒಟ್ಟು ಆರು ವರ್ಷದ ಈ ಓದಿನಲ್ಲಿ ಮೂರು ಹಂತಗಳಿದ್ದು, ಪೂರ್ತಿ ಮುಗಿಸಿದವರಿಗೆ ಸರ್ಕಾರ ಮಾನ್ಯ ಮಾಡಿದ ಪ್ರೌಢಶಿಕ್ಷಣದ ಪ್ರಮಾಣಪತ್ರ ಸಿಗುತ್ತದೆ. ಈ ಮಾನ್ಯತೆಯನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕಲಾಗದು, ಏಕೆಂದರೆ ಎಷ್ಟೇ ಒಳ್ಳೆಯದನ್ನು ಕಲಿಸಿದರೂ ಕೊನೆಗೆ ಕೈಗೆ ಪ್ರಮಾಣಪತ್ರ ಬಾರದ ಕಲಿಕೆಗೆ ಮಗುವಿನ ಆರು ವರ್ಷವನ್ನು ಒಪ್ಪಿಸಲು ಯಾವ ತಂದೆತಾಯಿಯೂ ಸಿದ್ಧರಿರುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಪಠ್ಯಪುಸ್ತಕಗಳು. ವಿಷಯಗಳನ್ನು ಗಣಿತ, ವಿಜ್ಞಾನ, ಭಾಷೆ ಮತ್ತು ಸಂವಹನ, ತಂತ್ರಜ್ಞಾನ, ಸಮುದಾಯ ಸೇವೆ ಎಂಬ ಐದು ಸಾಮರ್ಥ್ಯಗಳ ಸುತ್ತ ಹೆಣೆದಿದ್ದಾರೆ. ಆದರೆ ಒಂದೊಂದು ಪುಸ್ತಕದಲ್ಲೂ ಇವು ಒಂದರೊಳಗೊಂದು ಬೆರೆತಿರುತ್ತವೆ. ಭಾಷೆಯ ಆರಂಭದ ಪಾಠಗಳನ್ನೇ ನೋಡಿ. ಅಲ್ಲಿ ವ್ಯಾಕರಣಕ್ಕೂ ಮೊದಲು ಬರುವುದು ವಿವರಿಸುವ ಸಾಮರ್ಥ್ಯ: ಒಂದು ವಸ್ತುವಿನ ಗುಣಗಳೇನು, ಅದನ್ನು ಗಮನಿಸಿ ಕರಾರುವಾಕ್ಕಾಗಿ ಹೇಳುವುದು ಹೇಗೆ ಎಂಬುದು. ಅಲ್ಲಿಂದ ಮುಂದೆ ಅದೇ ಕಣ್ಣಿನಿಂದ ತಮ್ಮ ಊರನ್ನೂ ಊರಿನ ಜನರನ್ನೂ ನೋಡುವ ಕಡೆಗೆ ಪಾಠ ಸಾಗುತ್ತದೆ. ತಂತ್ರಜ್ಞಾನದ ಪಾಠ ಹೊಲಕ್ಕೆ ಇಳಿಯುತ್ತದೆ. ಮುಸುಕಿನ ಜೋಳದ ಜೊತೆ ಬೀನ್ಸ್ ಹಾಕಿ, ಸಾಲುಗಳ ಅಂತರ ಅಳೆದು, ಇಳುವರಿ ಲೆಕ್ಕ ಹಾಕುವಾಗ ಗಣಿತವೂ ವಿಜ್ಞಾನವೂ ತಾವಾಗಿ ಬಂದು ಸೇರುತ್ತವೆ. ಅಜ್ಜ ಮಾಡುತ್ತಿದ್ದ ಬೇಸಾಯ ದಡ್ಡತನವೆಂದು ಪುಸ್ತಕ ಎಲ್ಲೂ ಹೇಳುವುದಿಲ್ಲ, ಅದೇ ಸರಿಯೆಂದು ಹಾಡಿ ಹೊಗಳುವುದೂ ಇಲ್ಲ. ಎರಡನ್ನೂ ಪರೀಕ್ಷೆಗೆ ಒಡ್ಡಲು ಕಲಿಸುತ್ತದೆ. ಟ್ಯೂಟರ್ ತರಬೇತಿ ಪಡೆಯುವುದೂ ಇವೇ ಪುಸ್ತಕಗಳನ್ನು, ವಿದ್ಯಾರ್ಥಿಯಂತೆ ಕುಳಿತು, ಮೊದಲ ಪುಟದಿಂದ ಓದಿ. ಹಾಗಾಗಿ ಉಪನ್ಯಾಸ ಕೊಡುವ ಚಪಲ ಕಡಿಮೆಯಾಗುತ್ತದೆ, ಎಲ್ಲ ವಿಷಯದಲ್ಲೂ ಪಂಡಿತರಾಗಿರಬೇಕಾದ ಹೊರೆಯೂ ಇಳಿಯುತ್ತದೆ.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಹೊಂಡುರಾಸ್‌ನಲ್ಲಿ ‘ಬಯಾನ್’ ಎಂಬ ಸಂಘ 1990ರ ದಶಕದಿಂದ ಇದನ್ನು ನಡೆಸುತ್ತಿದೆ. ಉತ್ತರ ಕರಾವಳಿಯಲ್ಲಿರುವ, ಆಫ್ರಿಕನ್ ಮತ್ತು ಮೂಲನಿವಾಸಿ ಬೇರುಗಳ ಗರಿಫುನಾ ಸಮುದಾಯದ ಊರುಗಳೂ ಅದರ ವ್ಯಾಪ್ತಿಯಲ್ಲಿವೆ. ಸಾತ್ ಇರುವ ಊರುಗಳನ್ನು ಸಾಮಾನ್ಯ ಸರ್ಕಾರಿ ಶಾಲೆಯಿರುವ ಅಂಥದೇ ಊರುಗಳ ಜೊತೆ ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾತ್ ಊರುಗಳ ಹರೆಯದವರ ಪರೀಕ್ಷಾ ಅಂಕ ಸುಮಾರು 0.2 ಮಾನಕ ವಿಚಲನೆಯಷ್ಟು (ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಮೇಲಿತ್ತು. ಇದು ಚೀಟಿ ಎತ್ತಿ ಊರು ಆರಿಸಿದ ಪ್ರಯೋಗವಲ್ಲ ಎಂಬುದನ್ನು ನೆನಪಿಡಬೇಕು. ಆದರೂ ಎಲ್ಲ ವಿಷಯಕ್ಕೂ ಒಬ್ಬರೇ ಇರುವ ವ್ಯವಸ್ಥೆ ಕಲಿಕೆಯಲ್ಲಿ ಹಿಂದೆ ಬೀಳುತ್ತದೆ ಎಂಬ ಸಹಜ ಅನುಮಾನಕ್ಕೆ ಅದು ಒಳ್ಳೆಯ ಉತ್ತರ.

ಅಂಕದಾಚೆಗಿನ ಬದಲಾವಣೆಯನ್ನು ಅಳೆಯುವುದು ಕಷ್ಟ. ಗರಿಫುನಾ ಹೆಣ್ಣುಮಕ್ಕಳ ನಡುವೆ ನಡೆದ ಸಂಶೋಧನೆಯಲ್ಲಿ, ಓದಿದವರು ನಾಲ್ಕು ಜನರ ಎದುರು ಮಾತಾಡುವ ಧೈರ್ಯ ಪಡೆದದ್ದು, ಮನೆಗೆಲಸದ ಹಂಚಿಕೆಯ ಬಗ್ಗೆ ಸಂಗಾತಿಯೊಡನೆ ಮಾತು ತೆಗೆದದ್ದು ಕಾಣುತ್ತದೆ. ಆದರೆ ಎಲ್ಲ ಮನೆಗಳಲ್ಲೂ ಆ ಮಾತು ನಡೆಯಲಿಲ್ಲ. ಮಾತು ತೆಗೆಯುವ ಧೈರ್ಯ ಇದ್ದರೂ ಕೈಯಲ್ಲಿ ಸ್ವಂತ ಸಂಪಾದನೆ ಇಲ್ಲದಿದ್ದರೆ ಅದು ಎಷ್ಟು ದೂರ ಹೋದೀತು? ಪಠ್ಯ ಕಿರು ಉದ್ಯಮ ಕಲಿಸುತ್ತದೆ, ಸರಿ. ಆದರೆ ಜಮೀನನ್ನೋ ಮಾರುಕಟ್ಟೆಯನ್ನೋ ಶಾಲೆ ಕೊಡಲಾರದು. ಸಮಾಜ ಪರಿವರ್ತನೆ ಎಂಬ ದೊಡ್ಡ ಮಾತನ್ನು ಈ ಕಾರ್ಯಕ್ರಮದ ಪ್ರಚಾರಕರು ಇನ್ನಷ್ಟು ಮಿತವಾಗಿ ಬಳಸಿದ್ದರೆ ಚೆನ್ನಾಗಿತ್ತು.

ಇನ್ನೊಂದು ದೌರ್ಬಲ್ಯ ಟ್ಯೂಟರ್ ಅವರದೇ. ಇಡೀ ಮನೆಯನ್ನು ಒಂದೇ ಕಂಬದ ಮೇಲೆ ನಿಲ್ಲಿಸಿದಂತಿದೆ ಇದರ ರಚನೆ: ಆ ವ್ಯಕ್ತಿ ಗಟ್ಟಿಯಾಗಿದ್ದರೆ ಗುಂಪು ಅರಳುತ್ತದೆ, ನಡುವೆ ಬಿಟ್ಟು ಹೋದರೆ ಎಲ್ಲ ವಿಷಯಗಳೂ ಒಂದೇ ದಿನ ನಿಲ್ಲುತ್ತವೆ. ಅವರ ಸಂಬಳಕ್ಕೆ ಸರ್ಕಾರದ ಜೊತೆಗಿನ ಒಪ್ಪಂದವೇ ಆಧಾರವಾಗಿರುವಲ್ಲಿ, ಹಣ ಬಿಡುಗಡೆ ತಡವಾದರೆ ಅದರ ಪೆಟ್ಟು ನೇರವಾಗಿ ತರಗತಿಗೇ ಬೀಳುತ್ತದೆ. ಪುಸ್ತಕಗಳನ್ನು ಅನುವಾದಿಸಿಕೊಂಡು ತರಬೇತಿಯನ್ನು ಮೊಟಕು ಮಾಡುವ ಸಂಸ್ಥೆಗಳಿಗೆ ಇದನ್ನು ನಾನು ಖಂಡಿತ ಶಿಫಾರಸು ಮಾಡುವುದಿಲ್ಲ, ಏಕೆಂದರೆ ತರಬೇತಿಯಿಲ್ಲದವರ ಕೈಯಲ್ಲಿ ಈ ಪುಸ್ತಕಗಳು ಖಾಲಿ ಜಾಗ ತುಂಬುವ ಅಭ್ಯಾಸಮಾಲೆಯಾಗಿಬಿಡುತ್ತವೆ.

ಹಾಗಿದ್ದರೂ, ಪ್ರೌಢಶಾಲೆ ದೂರವಿರುವ, ಹರೆಯದವರು ದುಡಿಮೆಯ ನಡುವೆಯೇ ಓದಬೇಕಾಗಿರುವ ಪ್ರದೇಶಗಳಲ್ಲಿ ಕೆಲಸ ಮಾಡುವವರು ಅಧ್ಯಯನ ಮಾಡಲೇಬೇಕಾದ ಮಾದರಿ ಇದು. ಅಳವಡಿಸಿಕೊಳ್ಳುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಲಿ: ಪ್ರಮಾಣಪತ್ರಕ್ಕೆ ಶಿಕ್ಷಣ ಇಲಾಖೆಯ ಲಿಖಿತ ಮಾನ್ಯತೆ, ಮತ್ತು ಮೊದಲ ಗುಂಪು ಆರನೆಯ ವರ್ಷ ಮುಗಿಸುವವರೆಗೆ ಟ್ಯೂಟರ್ ಸಂಬಳಕ್ಕೆ ಎತ್ತಿಟ್ಟ ಹಣ.