ಕುದುರೆಮುಖ ಒಂದು ದಿನದ ಪ್ರವಾಸ: ಜಲಪಾತ ಸರಿ, ಗಣಿ ಪಟ್ಟಣವನ್ನೂ ನೋಡಿ

ಮಂಗಳೂರು, ಉಡುಪಿ ಕಡೆಯಿಂದ ಕುದುರೆಮುಖಕ್ಕೆ ಹೊರಡುವ ಹೆಚ್ಚಿನವರು ಹನುಮಾನ್ ಗುಂಡಿ ಜಲಪಾತದಲ್ಲಿ ಇಳಿದು, ಫೋಟೊ ತೆಗೆದು, ಊಟದ ಹೊತ್ತಿಗೆ ಹೊರನಾಡು ಸೇರುತ್ತಾರೆ. ನಡುವೆ ಸಿಗುವ ಗಣಿ ಪಟ್ಟಣ ಕಾರಿನ ಗಾಜಿನಾಚೆ ಹಾದುಹೋಗುತ್ತದೆ, ಅಷ್ಟೆ. ಆದರೆ ಇಡೀ ದಾರಿಯಲ್ಲಿ ನಿಧಾನವಾಗಿ ನೋಡಬೇಕಾದದ್ದು ಅದೇ. ಆ ಊರಿನ ಕತೆಯ ಇನ್ನೊಂದು ತುದಿ ನಮ್ಮ ಮಂಗಳೂರು ಬಂದರಿನ ಪಣಂಬೂರಿನಲ್ಲಿದೆ.

ಮೊದಲು ದಾರಿ. ಕಾರ್ಕಳಕ್ಕೆ ಮಂಗಳೂರಿನಿಂದ ಸುಮಾರು 50 ಕಿ.ಮೀ., ಉಡುಪಿಯಿಂದ 38. ಅಲ್ಲಿಂದ ಬಜಗೋಳಿ, ಮಾಳ ದಾಟಿ ಕುದುರೆಮುಖಕ್ಕೆ ಮತ್ತೆ 50ರ ಆಸುಪಾಸು. ಪೆಟ್ರೋಲು, ನಗದು, ತಿಂಡಿ ಮೂರನ್ನೂ ಕಾರ್ಕಳ ಅಥವಾ ಬಜಗೋಳಿಯಲ್ಲೇ ಮುಗಿಸಿ. ಘಟ್ಟ ಹತ್ತಿದ ಮೇಲೆ ಸಿಕ್ಕೀತು ಎಂದು ನಂಬಿ ಹೋಗಬೇಡಿ. ಮಾಳದ ತನಿಖಾ ಗೇಟಿನಲ್ಲಿ ಗಾಡಿಯ ನಂಬರು, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಮುಂದಿನದು ರಾಷ್ಟ್ರೀಯ ಉದ್ಯಾನದ ಕಾಡು. ಕಂಡಕಂಡಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವಂತಿಲ್ಲ. ಎಸ್.ಕೆ. ಬಾರ್ಡರಿನಲ್ಲಿ ರಸ್ತೆ ಒಡೆಯುತ್ತದೆ: ಎಡಕ್ಕೆ ಶೃಂಗೇರಿ, ಬಲಕ್ಕೆ ಕುದುರೆಮುಖ. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಅದು, ಹೆಸರು ಇನ್ನೂ ಉಳಿದುಕೊಂಡಿದೆ.

ಹನುಮಾನ್ ಗುಂಡಿಗೆ ಟಿಕೆಟ್ ಇದೆ, ಸುಮಾರು 300 ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಗೊತ್ತಾಗುವುದಿಲ್ಲ, ಹತ್ತುವಾಗ ಮಂಡಿ ಮಾತಾಡುತ್ತದೆ. ಹಿರಿಯರಿದ್ದರೆ ಮೊದಲೇ ಹೇಳಿ. ಮಳೆಗಾಲದಲ್ಲಿ ನೀರಿಗಿಂತ ಪಾಚಿ ಕಟ್ಟಿದ ಬಂಡೆಯೇ ಅಪಾಯ. ಅಂಗಾಲು ಸವೆದ ಚಪ್ಪಲಿ ಬೇಡವೇ ಬೇಡ.

ಇನ್ನು ಪಟ್ಟಣ. ಮಲ್ಲೇಶ್ವರ ಎಂದೂ ಕರೆಯುವ ಈ ಊರು ಭದ್ರಾ ನದಿಯ ಪಕ್ಕದಲ್ಲಿದೆ. ಇಲ್ಲಿನ ಕಬ್ಬಿಣದ ಅದಿರನ್ನು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಗಣಿಗಾಗಿ ಸರಕಾರಿ ಕಂಪೆನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಹಣದ ಭರವಸೆಯ ಮೇಲೆ. ಸ್ಥಾವರ ಸಿದ್ಧವಾಗುವ ಹೊತ್ತಿಗೆ ಅಲ್ಲಿ 1979ರ ಕ್ರಾಂತಿಯಾಗಿ, ಕೊಳ್ಳಬೇಕಾದವರೇ ಕೈಬಿಟ್ಟರು. ವರ್ಷಕ್ಕೆ 75 ಲಕ್ಷ ಟನ್ ಲೆಕ್ಕದಲ್ಲಿ ಕಟ್ಟಿದ ಸ್ಥಾವರಕ್ಕೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು.

ಇಲ್ಲಿಯ ಕಲ್ಲನ್ನು ಹತ್ತಿರದಿಂದ ನೋಡಿ. ಒಂದು ಗೆರೆ ಕಪ್ಪು, ಒಂದು ಗೆರೆ ಬಿಳಿಚು: ಕಪ್ಪು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು, ಬಿಳಿಚು ಬೆಣಚುಕಲ್ಲು. ಪುಟ್ಟ ಅಯಸ್ಕಾಂತ ತಂದು ಮಕ್ಕಳ ಕೈಗೆ ಕೊಟ್ಟರೆ ಪಾಠ ಅಲ್ಲೇ ಮುಗಿಯುತ್ತದೆ, ಕಪ್ಪು ಗೆರೆ ಅದಕ್ಕೆ ಅಂಟುತ್ತದೆ. ನೋಡಿದ ಮೇಲೆ ಕಲ್ಲನ್ನು ಅಲ್ಲೇ ಬಿಡಿ, ಮನೆಗೆ ತರಬೇಡಿ. ಕಾರ್ಖಾನೆ ಮಾಡುತ್ತಿದ್ದುದೂ ಇದನ್ನೇ. ಅದಿರಿನಲ್ಲಿ ಕಬ್ಬಿಣ ಶೇ. 40ಕ್ಕೂ ಕಡಿಮೆ. ಅದನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಬೇರ್ಪಡಿಸಿ ಶೇ. 67ರ ಸುಮಾರಿಗೆ ಏರಿಸುತ್ತಿದ್ದರು. ಬಳಿಕ ನೀರಿನಲ್ಲಿ ಕಲಸಿ, ದೋಸೆ ಹಿಟ್ಟಿನ ಹದದ ಆ ರಾಡಿಯನ್ನು 67 ಕಿ.ಮೀ. ಕೊಳವೆಯಲ್ಲಿ ಘಟ್ಟದ ಇಳಿಜಾರಿನ ಬಲದಲ್ಲೇ ಮಂಗಳೂರಿಗೆ ಹರಿಸುತ್ತಿದ್ದರು. ಪಣಂಬೂರಿನಲ್ಲಿ ನೀರು ಸೋಸಿ ಹಡಗಿಗೆ ತುಂಬುವುದು. 1987ರಿಂದ ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆಯೂ ಸೇರಿತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿತು. ಸುಮಾರು 100 ಮೀಟರ್ ಎತ್ತರದ ಆ ಕಟ್ಟು ಕುಡಿಯುವ ನೀರಿಗೂ ಅಲ್ಲ, ವಿದ್ಯುತ್ತಿಗೂ ಅಲ್ಲ, ಬರೀ ಕೆಸರು ತಡೆಯಲು ಕಟ್ಟಿದ್ದು.

ಗಣಿ ನಿಂತದ್ದೇಕೆ? ವರ್ಷಕ್ಕೆ 7,000 ಮಿ.ಮೀ.ನಷ್ಟು ಮಳೆ ಸುರಿಯುವ ಜಾಗದಲ್ಲಿ ಬೆಟ್ಟದ ಚರ್ಮ ಸುಲಿದರೆ ಮಣ್ಣು ಹೊಳೆಗೇ ಇಳಿಯುತ್ತದೆ. ಭದ್ರೆ ಕೆಂಪಾಗಿ ಹರಿದಳು. ಸಿಂಗಳೀಕಗಳಿರುವ, ಬೆಟ್ಟದ ಕಣಿವೆಗಳ ಶೋಲಾ ಕಾಡು 1987ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಿತ್ತು. ಜನರ ಹೋರಾಟ, 2002ರ ಸುಪ್ರೀಂ ಕೋರ್ಟ್ ಆದೇಶ, ಕೊನೆಗೆ 2005ರ ಡಿಸೆಂಬರ್ 31ಕ್ಕೆ ಗಣಿ ಬಂದ್. ಅದು ಸರಿಯಾದ ತೀರ್ಪೇ. ಆದರೂ ಒಂದು ತಲೆಮಾರು ಬಾಳಿದ ವಸತಿಗೃಹಗಳ ಸಾಲು ಖಾಲಿಯಾದದ್ದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರಸ್ತೆಯಿಂದಲೇ ನೋಡಿ, ಖಾಲಿ ಮನೆ, ಸ್ಥಾವರ, ಅಣೆಕಟ್ಟಿನ ಒಳಗೆ ನುಗ್ಗಬೇಡಿ. ಇದನ್ನೆಲ್ಲ ದಾರಿಹೋಕರಿಗೆ ವಿವರಿಸಿ ಹೇಳುವವರು ಸಿಗುವುದಿಲ್ಲ. ಈ ಪ್ರವಾಸದ ದೊಡ್ಡ ಕೊರತೆ ಅದೇ, ನಾವು ಅಂಕ ಕಳೆದದ್ದೂ ಅದಕ್ಕೇ: ಪ್ರವಾಸಕ್ಕೆ ಕೊಟ್ಟದ್ದು 5ಕ್ಕೆ 3.5.

1,892 ಮೀಟರ್ ಎತ್ತರದ ಶಿಖರವನ್ನು ಇದೇ ದಿನಕ್ಕೆ ಸೇರಿಸಬೇಡಿ. ಅದು ಮುಳ್ಳೋಡಿಯಿಂದ ಹೋಗಿ ಬರಲು 20 ಕಿ.ಮೀ. ನಡಿಗೆ, ಮುಳ್ಳೋಡಿ ತಲುಪಲಿಕ್ಕೇ ಜೀಪು ಬೇಕು. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಹೋದವರು ಗೇಟಿನಿಂದಲೇ ವಾಪಸ್. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ವಾರಾಂತ್ಯ ಬೇಗ ತುಂಬುತ್ತದೆ.

ಹೋಗಲು ಒಳ್ಳೆಯದು ಅಕ್ಟೋಬರಿನಿಂದ ಜನವರಿ. ಮಳೆಗಾಲದಲ್ಲಿ ಹೋಗುವುದಾದರೆ ಉಂಬಳಕ್ಕೆ ಸಿದ್ಧರಾಗಿ: ಕಾಲುಚೀಲದ ಮೇಲೆ ಹೊಗೆಸೊಪ್ಪಿನ ಪುಡಿ ಸವರಿ, ಕಿಸೆಯಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಕಚ್ಚಿದರೆ ಕಿತ್ತೆಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಹೊರಡುವ ಹೊತ್ತು. ಬೆಳಿಗ್ಗೆ 6ಕ್ಕೆ ಹೊರಟರೆ ಜಲಪಾತ, ಪಟ್ಟಣ ನೋಡಿ ಮಧ್ಯಾಹ್ನದೂಟಕ್ಕೆ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿ ಸೇರಬಹುದು. 9ಕ್ಕೆ ಹೊರಟರೆ ವಾಪಸಾತಿಗೆ ಕತ್ತಲೆ, ಮಂಜು ಎರಡೂ ಒಟ್ಟಿಗೆ. ಮಾಳದ ಇಳಿಜಾರಿನಲ್ಲಿ ಬರೀ ಬ್ರೇಕ್ ನೆಚ್ಚಿದರೆ ಅದು ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲೇ ಇಳಿಯಿರಿ, ಸುಟ್ಟ ವಾಸನೆ ಬಂದರೆ ಅಗಲವಿರುವ ಕಡೆ ನಿಲ್ಲಿಸಿ ಚಕ್ರ ತಣಿಯಲು ಬಿಡಿ.