ಟ್ರೋಜನ್ ತೆಗೆಯಲು ದುಡ್ಡು ಕೊಟ್ಟ ಆಂಟಿವೈರಸ್ಸೋ, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನೋ?

ನನ್ನ ಓಟು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್‌ಗೆ. ಪಕ್ಕದಲ್ಲಿ ಮೈಕ್ರೋಸಾಫ್ಟ್‌ನದ್ದೇ ಆಟೋರನ್ಸ್ ಎಂಬ ಪುಟ್ಟ ಪ್ರೋಗ್ರಾಮ್ ಇರಬೇಕು. ಎರಡೂ ಉಚಿತ. ಇದನ್ನು ಹೇಳುತ್ತಿರುವುದು ಒಂದು ವರ್ಷದ ಚಂದಾ ಕಟ್ಟಿ ಬೇರೊಂದು ಆಂಟಿವೈರಸ್ ಕೊಂಡ ಮೇಲೆ.

ಮನೆಯ ಲ್ಯಾಪ್‌ಟಾಪ್‌ಗೆ ಟ್ರೋಜನ್ (ಒಳ್ಳೆಯ ಪ್ರೋಗ್ರಾಮ್‌ನ ವೇಷದಲ್ಲಿ ಬರುವ ಕಳ್ಳ ಪ್ರೋಗ್ರಾಮ್) ಬಂದದ್ದು ಕ್ರ್ಯಾಕ್ ಮಾಡಿದ ವಿಡಿಯೊ ಎಡಿಟರ್ ಜೊತೆ. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆಯೂ ಅದೇ ಫೋಲ್ಡರ್‌ನಲ್ಲಿತ್ತು! ವರ್ಮ್ ಎಂಬ ಕಳ್ಳ ಪ್ರೋಗ್ರಾಮ್ ತಾನಾಗಿ ಹರಡುತ್ತದೆ, ಟ್ರೋಜನ್ ಹಾಗೆ ಹರಡುವುದಿಲ್ಲ. ಯಾರಾದರೂ ಅದನ್ನು ನಂಬಿ ತೆರೆಯಬೇಕು. ಮೇಲ್‌ನಲ್ಲಿ ಬರುವ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಕೂಡ ಇದೇ ಜಾತಿ. ಕೊನೆಯ ‘ಇಎಕ್ಸ್‌ಇ’ ಅಂದರೆ ಅದು ಓಡುವ ಪ್ರೋಗ್ರಾಮ್. ವಿಂಡೋಸ್ ಸಾಮಾನ್ಯವಾಗಿ ಆ ತುಂಡನ್ನು ಮುಚ್ಚಿಡುತ್ತದೆ, ನಮಗೆ ಬರೀ ಪಿಡಿಎಫ್ ಕಾಣುತ್ತದೆ.

ಕೊಂಡ ಆಂಟಿವೈರಸ್ ಫೈಲನ್ನು ಹಿಡಿಯಿತು, ಕ್ವಾರಂಟೈನ್‌ಗೆ ಹಾಕಿತು, ಹಸಿರು ಟಿಕ್ ತೋರಿಸಿತು. ಸರಿ ಹೋಯಿತು ಅಂದುಕೊಂಡೆವು. ರೀಸ್ಟಾರ್ಟ್ ಮಾಡಿದರೆ ಅದೇ ಫೈಲು, ಅದೇ ಜಾಗದಲ್ಲಿ. ಮತ್ತೆ ಅಳಿಸಿದರೆ ಮತ್ತೆ ಹಾಜರ್. ಪ್ರತಿ ಸಲವೂ ಹಸಿರು ಟಿಕ್ ಮಾತ್ರ ತಪ್ಪುತ್ತಿರಲಿಲ್ಲ. ಸಹಾಯ ಕೇಳಿದರೆ ‘ಫುಲ್ ಸ್ಕ್ಯಾನ್ ಮಾಡಿ’ ಎಂಬ ಒಂದೇ ಉತ್ತರ.

ಆಟೋರನ್ಸ್ ತೆರೆದಾಗ ಗುಟ್ಟು ಗೊತ್ತಾಯಿತು. ಕಂಪ್ಯೂಟರ್ ಆನ್ ಆದಾಗ ತಾವಾಗಿ ಓಡುವ ಪ್ರೋಗ್ರಾಮ್‌ಗಳನ್ನೆಲ್ಲ ಅದು ಒಂದೇ ಕಡೆ ತೋರಿಸುತ್ತದೆ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರ್‌ನ ಪಟ್ಟಿಯಲ್ಲಿ ಡ್ರೈವರ್ ಅಪ್‌ಡೇಟ್‌ನಂಥ ಸಭ್ಯ ಹೆಸರಿನ ಟಾಸ್ಕ್ ಒಂದಿತ್ತು. ಲಾಗಿನ್ ಆದಾಗಲೆಲ್ಲ ಅದು ಪವರ್‌ಶೆಲ್ ಮೂಲಕ ಫೈಲನ್ನು ನೆಟ್‌ನಿಂದ ಮತ್ತೆ ಇಳಿಸಿಕೊಳ್ಳುತ್ತಿತ್ತು. ಆಜ್ಞೆಗಳನ್ನು ಓಡಿಸುವ ಪವರ್‌ಶೆಲ್ ವಿಂಡೋಸ್‌ನ ಅಸಲಿ ಭಾಗ, ಅದನ್ನು ಕಳ್ಳ ಅನ್ನುವಂತಿಲ್ಲ ಅಲ್ವಾ? ಸಾಲದ್ದಕ್ಕೆ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ (ಸ್ಕ್ಯಾನ್ ಬಿಟ್ಟುಬಿಡಬೇಕಾದ ಜಾಗಗಳ) ಪಟ್ಟಿಗೂ ಟ್ರೋಜನ್ ತನ್ನ ಫೋಲ್ಡರನ್ನು ಸೇರಿಸಿತ್ತು. ಅಂದರೆ ಮಾಮೂಲಿ ಸ್ಕ್ಯಾನ್ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಕೊಂಡದ್ದನ್ನು ತೆಗೆದುಹಾಕಿ ಡಿಫೆಂಡರನ್ನು ಅಪ್‌ಡೇಟ್ ಮಾಡಿ, ವೈಫೈ ಆಫ್ ಮಾಡಿದೆ. ಆ ಟಾಸ್ಕನ್ನೂ ಎಕ್ಸ್‌ಕ್ಲೂಷನನ್ನೂ ಅಳಿಸಿದೆ. ಆಮೇಲೆ ಆಫ್‌ಲೈನ್ ಸ್ಕ್ಯಾನ್. ಇದು ವಿಂಡೋಸ್ ಏಳುವ ಮೊದಲೇ ನಡೆಯುತ್ತದೆ. ಟ್ರೋಜನ್ ಆಗ ಓಡುತ್ತಲೇ ಇರುವುದಿಲ್ಲ, ಹಾಗಾಗಿ ಅಡ್ಡಿಪಡಿಸಲಾರದು. ಸುಮಾರು 15 ನಿಮಿಷದ ಕೆಲಸ. ಆ ಫೈಲು ಮತ್ತೆ ಬರಲಿಲ್ಲ.

ಮಾಲ್‌ವೇರ್‌ಬೈಟ್ಸ್ ಎಂಬ ಇನ್ನೊಂದು ಸ್ಕ್ಯಾನರ್‌ನ ಉಚಿತ ಆವೃತ್ತಿ ಎರಡನೇ ಅಭಿಪ್ರಾಯಕ್ಕೆ ಚೆನ್ನ, ಕಾವಲಿಗಲ್ಲ. ಕಂಪ್ಯೂಟರನ್ನು ಅದರಿಂದಲೇ ಆನ್ ಮಾಡಿ ಸ್ಕ್ಯಾನ್ ಮಾಡುವ ರೆಸ್ಕ್ಯೂ ಪೆನ್‌ಡ್ರೈವ್‌ಗೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ ಡಿಸ್ಕಿನ ಒಳಗೆ ಏನೂ ಕಾಣಲಿಲ್ಲ, ಅಲ್ಲಿಗೇ ಬಿಟ್ಟೆ.

ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು ಇವೆಲ್ಲಕ್ಕಿಂತ ಖಚಿತ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಲ್ಯಾಪ್‌ಟಾಪ್‌ನಲ್ಲಿ ನಮ್ಮದು ವಿಡಿಯೊ ಕೆಲಸ ಮಾತ್ರ. ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡುವ ತಾಳ್ಮೆ ನನಗಿಲ್ಲ. ಬ್ಯಾಂಕಿನ ವ್ಯವಹಾರ ಅದರಲ್ಲೇ ಮಾಡುವವರು ನನ್ನ ದಾರಿ ಹಿಡಿಯಬೇಡಿ, ಸುಮ್ನೆ ಫಾರ್ಮ್ಯಾಟ್ ಮಾಡಿ.

ಯಾವ ದಾರಿ ಹಿಡಿದರೂ ಪಾಸ್‌ವರ್ಡ್‌ಗಳನ್ನು ಬೇರೆ ಶುದ್ಧ ಸಾಧನದಿಂದ ಬದಲಿಸಿ. ಬ್ರೌಸರ್‌ನ ಕುಕಿ (ನಾವು ಲಾಗಿನ್ ಆಗಿರುವುದನ್ನು ನೆನಪಿಡುವ ಪುಟ್ಟ ಫೈಲು) ಕದ್ದವರಿಗೆ ಪಾಸ್‌ವರ್ಡೇ ಬೇಕಿಲ್ಲ. ಅದಕ್ಕೆ ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಒತ್ತಿ.